ಲಾರಿ ಡ್ರೈವರ್‌ನ ಪೇಪರ್ ಲಾಗ್: ಗೆರೆ ಎಳೆಯುವುದು ಹೇಗೆ, ಗಂಟೆ ಲೆಕ್ಕ ಇಡುವುದು ಹೇಗೆ

ಅಮೆರಿಕದಲ್ಲಿ ಲಾರಿ ಓಡಿಸುವವರು ದಿನದ 24 ಗಂಟೆಗೂ ಲೆಕ್ಕ ಕೊಡಬೇಕು. ಓಡಿಸಿದ ಹೊತ್ತಿಗೆ ಮಾತ್ರ ಅಲ್ಲ. ಮಲಗಿದ್ದು, ಊಟ ಮಾಡಿದ್ದು, ಡೀಸೆಲ್ ಹಾಕಿಸಿದ್ದು, ಗೋದಾಮಿನ ಮುಂದೆ ಸುಮ್ನೆ ಕಾದು ಕೂತಿದ್ದು, ಎಲ್ಲವೂ ಒಂದು ಹಾಳೆಯ ಮೇಲೆ ಗೆರೆಯಾಗಿ ಬರಬೇಕು. ಆ ಹಾಳೆಯೇ ಲಾಗ್.

2017ರ ಡಿಸೆಂಬರ್ 18ರಿಂದ ಬಹುತೇಕ ಗಾಡಿಗಳಲ್ಲಿ ಈ ಕೆಲಸವನ್ನು ಇಂಜಿನ್‌ಗೆ ಜೋಡಿಸಿದ ಯಂತ್ರ ಮಾಡುತ್ತಿದೆ. ಅದನ್ನು ಇಎಲ್‌ಡಿ ಅಂತಾರೆ. ಹಾಗಾದ್ರೆ ಕಾಗದದ ಲಾಗ್ ಈಗ ಯಾಕೆ ಕಲಿಯಬೇಕು? ಯಂತ್ರ ಕೈಕೊಡುತ್ತದೆ, ಅದಕ್ಕೆ. ಕೈಕೊಟ್ಟ ದಿನ ಪೆನ್ನು ಹಿಡಿಯಲೇಬೇಕು. ಕನಿಷ್ಠ 8 ದಿನಕ್ಕಾಗುವಷ್ಟು ಖಾಲಿ ಲಾಗ್ ಹಾಳೆ ಗಾಡಿಯಲ್ಲಿ ಸದಾ ಇರಬೇಕು ಅಂತ ನಿಯಮವೇ ಇದೆ. ಇನ್ನೊಂದು ಕಾರಣವೂ ಇದೆ. ಕೈಯಲ್ಲಿ ಗೆರೆ ಎಳೆದು ಕಲಿತವರಿಗೆ ಗಂಟೆ ಲೆಕ್ಕ ತಲೆಯಲ್ಲಿ ಕೂರುತ್ತದೆ. ಪರದೆ ನೋಡಿ ಕಲಿತವರು ಪರದೆ ಆರಿದ ಕೂಡಲೇ ಕಂಗಾಲಾಗುತ್ತಾರೆ.

ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಲ್ಲಿನ ಸಾಗಣೆ ಕಂಪನಿಗಳ ಲಾಗ್ ಪರಿಶೀಲಿಸುವವರು ನಮ್ಮಲ್ಲಿದ್ದಾರೆ. ನಾನೂ ಆ ಕೆಲಸದವನೇ. ಅಲ್ಲಿ ಸ್ಟಿಯರಿಂಗ್ ಹಿಡಿದ ಕನ್ನಡಿಗರಿಗೂ ಇಲ್ಲಿ ಹಾಳೆ ತಿರುವಿ ಹಾಕುವವರಿಗೂ ಈ ಲೇಖನ ಉಪಯೋಗಕ್ಕೆ ಬರಬಹುದು.

ಮೊದಲು ಮಿತಿಗಳು ಗೊತ್ತಿರಲಿ

ಇಲ್ಲಿ ಹೇಳುವುದೆಲ್ಲ ಸರಕು ಸಾಗಿಸುವ ಗಾಡಿಗಳ ನಿಯಮ. ಬಸ್ಸಿನ ನಿಯಮ ಬೇರೆ. ತಲೆಯಲ್ಲಿಟ್ಟುಕೊಳ್ಳಬೇಕಾದ ಲೆಕ್ಕ ನಾಲ್ಕು.

ಒಂದು, ಸತತ 10 ಗಂಟೆ ವಿಶ್ರಾಂತಿಯಾದ ಮೇಲೆ 11 ಗಂಟೆ ಓಡಿಸಬಹುದು. ಅದಕ್ಕಿಂತ ಜಾಸ್ತಿ ಇಲ್ಲ. 2004ಕ್ಕೆ ಮುಂಚೆ ಇದು 10 ಗಂಟೆ ಇತ್ತು, ವಿಶ್ರಾಂತಿ 8 ಗಂಟೆ ಸಾಕಿತ್ತು.

ಎರಡು, 14 ಗಂಟೆಯ ಲೆಕ್ಕ. ಹೊಸಬರು ಎಡವುವುದು ಇಲ್ಲೇ. ಬೆಳಗ್ಗೆ ಮೊದಲ ಕೆಲಸ ಶುರು ಮಾಡಿದ ಗಳಿಗೆಯಿಂದ 14 ಗಂಟೆ ಮುಗಿದ ಮೇಲೆ ಓಡಿಸುವಂತಿಲ್ಲ. ಆ 11 ಗಂಟೆ ಡ್ರೈವಿಂಗ್ ಈ 14ರ ಒಳಗೇ ಮುಗಿಯಬೇಕು. ಈ ಗಡಿಯಾರ ಆಟೋದ ವೇಟಿಂಗ್ ಮೀಟರ್ ಇದ್ದ ಹಾಗೆ. ಗಾಡಿ ನಿಂತರೂ ಓಡುತ್ತಲೇ ಇರುತ್ತದೆ. ಊಟಕ್ಕೆ ನಿಲ್ಲಿಸಿದಿರಿ, ನಿಲ್ಲಲ್ಲ. ಗೋದಾಮಿನವರು ಮೂರು ಗಂಟೆ ಕಾಯಿಸಿದರು, ಆಗಲೂ ನಿಲ್ಲಲ್ಲ. ಕ್ಯಾಬಿನ್ ಹಿಂದಿನ ಹಾಸಿಗೆಯಲ್ಲಿ, ಅಂದರೆ ಬರ್ತ್‌ನಲ್ಲಿ, ಮಲಗಿ ವಿಶ್ರಾಂತಿಯನ್ನು ಎರಡು ಭಾಗ ಮಾಡಿಕೊಂಡರೆ ಮಾತ್ರ ನಿಲ್ಲುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೂರು, ಒಟ್ಟು 8 ಗಂಟೆ ಓಡಿಸುವಷ್ಟರಲ್ಲಿ ಒಮ್ಮೆಯಾದರೂ ಸತತ 30 ನಿಮಿಷ ಸ್ಟಿಯರಿಂಗ್ ಬಿಡಬೇಕು. 2020ರ ಸೆಪ್ಟೆಂಬರ್ ಕೊನೆಯಿಂದ ಇದು ಸ್ವಲ್ಪ ಸಡಿಲವಾಗಿದೆ. ಆ ಅರ್ಧ ಗಂಟೆ ಡೀಸೆಲ್ ಹಾಕಿಸುತ್ತಿದ್ದರೂ, ಸರಕು ಇಳಿಸುತ್ತಿದ್ದರೂ ನಡೆಯುತ್ತದೆ. ಓಡಿಸದೆ ಇದ್ದರೆ ಸಾಕು.

ನಾಲ್ಕು, 8 ದಿನಕ್ಕೆ ಒಟ್ಟು 70 ಗಂಟೆ. ವಾರದ ಎಲ್ಲ ದಿನ ಗಾಡಿ ಓಡಿಸದ ಕಂಪನಿಯಾದರೆ 7 ದಿನಕ್ಕೆ 60. ಇದರಲ್ಲಿ ಡ್ರೈವಿಂಗ್ ಜೊತೆಗೆ ಉಳಿದ ಕೆಲಸದ ಹೊತ್ತೂ ಸೇರುತ್ತದೆ. ಸತತ 34 ಗಂಟೆ ರಜೆ ತೆಗೆದುಕೊಂಡರೆ ಈ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ನಮ್ಮಲ್ಲೂ ಇಂಥ ಮಿತಿ ಇರಲಿಲ್ಲ ಅಂತಲ್ಲ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. 5 ಗಂಟೆ ಕೆಲಸದ ಮೇಲೆ ಅರ್ಧ ಗಂಟೆ ವಿರಾಮ ಕೊಡಬೇಕು ಅಂತಲೂ ಅದರಲ್ಲಿತ್ತು. ಆದರೆ ತುಮಕೂರು ರಸ್ತೆಯಲ್ಲಿ ಗಾಡಿ ತಡೆದು ಆರ್‌ಸಿ, ಪರ್ಮಿಟ್, ಇ-ವೇ ಬಿಲ್ ಕೇಳುತ್ತಾರೆ. ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದ್ದೆ ಅಂತ ಯಾರು ಕೇಳುತ್ತಾರೆ? ಅಲ್ಲಿ ಕೇಳುತ್ತಾರೆ. ಅದೂ ಬಾಯಿಮಾತಿಗೆ ಒಪ್ಪುವುದಿಲ್ಲ, ಹಾಳೆ ತೋರಿಸಬೇಕು.

ಯಾರಿಗೆ ಕಾಗದವೇ ಸಾಕು

ಇಂಜಿನ್ 2000ಕ್ಕಿಂತ ಹಿಂದಿನ ಮಾಡೆಲ್ ಆದರೆ ಇಎಲ್‌ಡಿ ಬೇಡ, ಕಾಗದ ಸಾಕು. ಯಾವುದೇ 30 ದಿನದಲ್ಲಿ 8 ದಿನಕ್ಕಿಂತ ಜಾಸ್ತಿ ಲಾಗ್ ಬರೆಯುವ ಅಗತ್ಯ ಬೀಳದವರಿಗೂ ಅಷ್ಟೇ. ಹೊಸ ಗಾಡಿಯನ್ನೇ ಸರಕಾಗಿ ಓಡಿಸಿಕೊಂಡು ಹೋಗಿ ತಲುಪಿಸುವವರಿಗೂ ವಿನಾಯಿತಿ ಇದೆ.

ಇನ್ನು ದಿನಾ ಸಂಜೆ ಅದೇ ಜಾಗಕ್ಕೆ ವಾಪಸಾಗುವವರು. ಹೊರಟ ಜಾಗದಿಂದ 150 ಏರ್ ಮೈಲಿ, ಅಂದರೆ ನೇರ ಗೆರೆಯಲ್ಲಿ ಸುಮಾರು 278 ಕಿ.ಮೀ. ದೂರದೊಳಗೇ ಓಡಾಡಿ 14 ಗಂಟೆಯೊಳಗೆ ಮರಳಿ ಬಂದು ಕೆಲಸ ಮುಗಿಸಿದರೆ ಲಾಗ್ ಬರೆಯಬೇಕಿಲ್ಲ. ಬಂದ ಹೊತ್ತು, ಹೋದ ಹೊತ್ತು, ಒಟ್ಟು ಗಂಟೆಯನ್ನು ಕಂಪನಿ ಬರೆದಿಟ್ಟುಕೊಂಡರೆ ಸಾಕು. ಆದರೆ ಯಾವತ್ತಾದರೂ ಒಂದು ದಿನ ಆ ವ್ಯಾಪ್ತಿ ದಾಟಿದರೆ ಆ ದಿನಕ್ಕೆ ಲಾಗ್ ಬೇಕೇಬೇಕು.

ಹಾಳೆಯ ಮೇಲ್ಭಾಗ ತುಂಬಿ

ಹೊರಡುವ ಮುಂಚೆಯೇ ಇದನ್ನು ಬರೆದುಬಿಡಿ. ತಾರೀಖು, ಕಂಪನಿಯ ಹೆಸರು, ಮುಖ್ಯ ಕಚೇರಿಯ ವಿಳಾಸ, ಲಾರಿ ನಂಬರ್, ಟ್ರೇಲರ್ ನಂಬರ್, ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದರೆ ಅವರ ಹೆಸರು. ಸರಕಿನ ಬಿಲ್ ನಂಬರ್ ಇರಬೇಕು. ಇಲ್ಲದಿದ್ದರೆ ಸರಕು ಯಾರದು, ಏನು ಅಂತ ಬರೆಯಬೇಕು. ಆ ದಿನ ಓಡಿದ ಮೈಲಿ ಮತ್ತು ನಿಮ್ಮ ಸಹಿ ದಿನದ ಕೊನೆಗೆ. ಬೆಳಗ್ಗೆಯೇ ಸಹಿ ಹಾಕಿಟ್ಟ ಹಾಳೆ ಕಂಡರೆ ಇನ್ಸ್‌ಪೆಕ್ಟರ್ ಹುಬ್ಬೇರಿಸುತ್ತಾರೆ. ಇನ್ನೂ ನಡೆಯದ ದಿನಕ್ಕೆ ಇದು ಸತ್ಯ ಅಂತ ಸಹಿ ಹಾಕಿದ ಹಾಗಾಯ್ತಲ್ವಾ?

ಟ್ರೇಲರ್ ಮಧ್ಯದಲ್ಲಿ ಬದಲಾದರೆ ಹೊಸ ನಂಬರನ್ನೂ ಸೇರಿಸಿ. ಇದನ್ನು ಮರೆಯುವವರು ಬಹಳ ಜನ.

ಬರವಣಿಗೆ ನಿಮ್ಮ ಕೈಯದ್ದೇ ಆಗಿರಬೇಕು, ಇಂಗ್ಲಿಷಿನಲ್ಲೇ ಇರಬೇಕು. ದಾಖಲೆ ಬರೆಯುವಷ್ಟು, ಅಧಿಕಾರಿಯ ಪ್ರಶ್ನೆಗೆ ಉತ್ತರ ಕೊಡುವಷ್ಟು ಇಂಗ್ಲಿಷ್ ಬರಬೇಕು ಅಂತ ಹಳೇ ನಿಯಮವೊಂದಿದೆ. 2025ರ ಜೂನ್ 25ರಿಂದ ಅದನ್ನು ಬಿಗಿ ಮಾಡಿದ್ದಾರೆ. ಇಂಗ್ಲಿಷ್ ಸಾಲದು ಅನ್ನಿಸಿದರೆ ಡ್ರೈವರನ್ನು ಅಲ್ಲೇ ಇಳಿಸಬಹುದು. ಹಾಗಾಗಿ ಊರ ಹೆಸರುಗಳ ಸ್ಪೆಲ್ಲಿಂಗ್ ನೋಡಿಕೊಂಡು ಬರೆಯಿರಿ. ಅಂದದ ಅಕ್ಷರ ಬೇಡ, ಓದಲು ಬಂದರೆ ಸಾಕು.

ಗ್ರಿಡ್: ನಾಲ್ಕು ಸಾಲು, ಒಂದೇ ಗೆರೆ

ಹಾಳೆಯ ನಡುವೆ ಅಡ್ಡಕ್ಕೆ 24 ಗಂಟೆಯ ಮನೆಗಳಿವೆ. ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಪ್ರತಿ ಗಂಟೆಯೂ ನಾಲ್ಕು ಕಾಲು ಗಂಟೆಗಳಾಗಿ ಒಡೆದಿರುತ್ತದೆ. ಮೇಲಿಂದ ಕೆಳಗೆ ನಾಲ್ಕು ಸಾಲು.

1. ಆಫ್ ಡ್ಯೂಟಿ: ಕೆಲಸವೂ ಇಲ್ಲ, ಜವಾಬ್ದಾರಿಯೂ ಇಲ್ಲ.
2. ಸ್ಲೀಪರ್ ಬರ್ತ್: ಕ್ಯಾಬಿನ್ ಹಿಂದಿನ ಹಾಸಿಗೆಯಲ್ಲಿ ಇದ್ದ ಹೊತ್ತು.
3. ಡ್ರೈವಿಂಗ್.
4. ಆನ್ ಡ್ಯೂಟಿ, ಆದರೆ ಡ್ರೈವಿಂಗ್ ಅಲ್ಲ: ತಪಾಸಣೆ, ಡೀಸೆಲ್, ಲೋಡಿಂಗ್, ರಿಪೇರಿ, ಕಾಗದಪತ್ರ.

ಎಡತುದಿಯಿಂದ ಶುರು ಮಾಡಿ ಬಲತುದಿಯವರೆಗೆ ಗೆರೆ ಎಲ್ಲೂ ತುಂಡಾಗಬಾರದು. ಕೆಲಸ ಬದಲಾದಾಗ ಗೆರೆಯನ್ನು ನೇರ ಮೇಲಕ್ಕೋ ಕೆಳಕ್ಕೋ ಎಳೆದು ಹೊಸ ಸಾಲಿಗೆ ತನ್ನಿ, ಅಲ್ಲಿಂದ ಮುಂದುವರಿಸಿ. ಒಂದು ಸಣ್ಣ ಸ್ಕೇಲ್ ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿಟ್ಟುಕೊಳ್ಳಿ.

ಕಾಲು ಗಂಟೆಗಿಂತ ಕಡಿಮೆ ನಿಂತರೆ ಗ್ರಿಡ್‌ನಲ್ಲಿ ತೋರಿಸಲು ಜಾಗ ಇಲ್ಲ. ಆಗ ಆ ಹೊತ್ತಿನಿಂದ ಕೆಳಗಿನ ರಿಮಾರ್ಕ್ಸ್ ಭಾಗಕ್ಕೆ ಒಂದು ಗೆರೆ ಇಳಿಸಿ, ಊರು ಬರೆದು, ಎಷ್ಟು ನಿಮಿಷ ನಿಂತಿರಿ ಅಂತ ನಮೂದಿಸಿದರೆ ಆಯ್ತು.

ತಪ್ಪಾದರೆ? ಬಿಳಿ ಹಚ್ಚಿ ಮುಚ್ಚಬೇಡಿ. ಮೇಲೊಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ನಿಮ್ಮ ಇನಿಷಿಯಲ್ ಹಾಕಿ. ಹೊಡೆದುಹಾಕಿದ ಹಾಳೆಯ ಬಗ್ಗೆ ನನಗೆ ಅನುಮಾನ ಕಡಿಮೆ. ವಾರವಿಡೀ ಒಂದೂ ತಿದ್ದುಪಡಿ ಇಲ್ಲದೆ, ಒಂದೇ ಪೆನ್ನಿನಲ್ಲಿ, ಒಂದೇ ಒತ್ತಡದಲ್ಲಿ ಬರೆದ ಏಳು ಹಾಳೆ ಬಂದರೆ ಮಾತ್ರ ಹತ್ತಿರ ಹಿಡಿದು ನೋಡುತ್ತೇನೆ. ಅವನ್ನು ಒಟ್ಟಿಗೆ ಕೂತು ಬರೆದಿರುತ್ತಾರೆ.

ಒಂದು ದಿನವನ್ನು ಪೂರ್ತಿ ಬರೆದು ನೋಡೋಣ

ಡ್ರೈವರ್‌ನ ಊರು, ಗಾಡಿಯ ಊರು ಎರಡೂ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಅಂದುಕೊಳ್ಳಿ. ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದಾರೆ. ಸರಕು ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗಬೇಕು.

ಮಧ್ಯರಾತ್ರಿ 12ರಿಂದ ಬೆಳಗ್ಗೆ 6 ಆಫ್ ಡ್ಯೂಟಿ. ಗೆರೆ ಮೊದಲ ಸಾಲಿನಲ್ಲಿ.

6ಕ್ಕೆ ಗೆರೆ ನಾಲ್ಕನೇ ಸಾಲಿಗೆ ಇಳಿಯುತ್ತದೆ. ಟೈರು, ಬ್ರೇಕು, ಲೈಟು, ಕಪ್ಲಿಂಗ್ ತಪಾಸಣೆ. 6:30ರವರೆಗೆ. 14 ಗಂಟೆಯ ಗಡಿಯಾರ ಶುರುವಾಗಿದ್ದು 6ಕ್ಕೆ, ಇಂಜಿನ್ ಸ್ಟಾರ್ಟ್ ಮಾಡಿದ 6:30ಕ್ಕಲ್ಲ. ಹಾಳೆಯ ಮೂಲೆಯಲ್ಲಿ ಈಗಲೇ ಬರೆದುಕೊಳ್ಳಿ: ರಾತ್ರಿ 8ಕ್ಕೆ ಬಂದ್.

6:30ರಿಂದ 9:30 ಡ್ರೈವಿಂಗ್. ಟೆಹಾಚಪಿ ಘಾಟಿ ಹತ್ತಿ ಇಳಿದು ಬಾರ್‌ಸ್ಟೋ ತಲುಪಿದರು. ಸುಮಾರು 130 ಮೈಲಿ. 9:30ರಿಂದ 9:45 ಡೀಸೆಲ್, ನಾಲ್ಕನೇ ಸಾಲು. 9:45ರಿಂದ ಮಧ್ಯಾಹ್ನ 1:45ರವರೆಗೆ ಮತ್ತೆ ಡ್ರೈವಿಂಗ್, 205 ಮೈಲಿ, ಅರಿಜೋನಾದ ಕಿಂಗ್‌ಮನ್. ಇಲ್ಲಿಗೆ 7 ಗಂಟೆ ಓಡಿಸಿದ್ದಾಯ್ತು. ಇನ್ನು ಒಂದೇ ಗಂಟೆಗೆ ವಿರಾಮ ಕಡ್ಡಾಯ. ಹಾಗಾಗಿ ಇಲ್ಲೇ ಊಟ, 1:45ರಿಂದ 2:30, ಮೊದಲ ಸಾಲು.

2:30ರಿಂದ 5:30 ಡ್ರೈವಿಂಗ್, 148 ಮೈಲಿ, ಫ್ಲ್ಯಾಗ್‌ಸ್ಟಾಫ್. 5:30ರಿಂದ 6:30 ಸರಕು ಇಳಿಸುವ ಕೆಲಸ, ನಾಲ್ಕನೇ ಸಾಲು. 6:30ರಿಂದ 6:45 ಟ್ರಕ್ ಸ್ಟಾಪ್‌ಗೆ 3 ಮೈಲಿ, ಡ್ರೈವಿಂಗ್. 6:45ರಿಂದ 7 ದಿನದ ಕೊನೆಯ ತಪಾಸಣೆ, ಅದರ ವರದಿ. 7ರಿಂದ ಮಧ್ಯರಾತ್ರಿ 12ರವರೆಗೆ ಸ್ಲೀಪರ್ ಬರ್ತ್.

ಈಗ ಪ್ರತಿ ಸಾಲಿನ ಮೊತ್ತ ಬಲಬದಿಗೆ ಬರೆಯಿರಿ. ಆಫ್ ಡ್ಯೂಟಿ 6.75, ಸ್ಲೀಪರ್ 5, ಡ್ರೈವಿಂಗ್ 10.25, ಆನ್ ಡ್ಯೂಟಿ 2. ಒಟ್ಟು 24. ಇಲ್ಲಿ 24 ಬರಲಿಲ್ಲ ಅಂದ್ರೆ ಎಲ್ಲೋ ಒಂದು ಗೆರೆ ಜಾರಿದೆ. ಹುಡುಕಿ ಸರಿಮಾಡಿದ ಮೇಲೆಯೇ ಸಹಿ. ಮೈಲಿ 486.

11 ಗಂಟೆಯ ಮಿತಿಗೆ ಇನ್ನೂ ಮುಕ್ಕಾಲು ಗಂಟೆ ಬಾಕಿ ಇತ್ತು, 14ಕ್ಕೆ ಒಂದು ಗಂಟೆ ಬಾಕಿ. ಅದನ್ನು ಬಳಸದೆ ನಿಂತಿದ್ದು ಜಾಣತನ. ಸಂಜೆ 7 ದಾಟಿದರೆ ಟ್ರಕ್ ಸ್ಟಾಪ್‌ಗಳು ತುಂಬುತ್ತಾ ಹೋಗುತ್ತವೆ. ನಿಲ್ಲಿಸಲು ಜಾಗ ಸಿಗದೆ, ಗಂಟೆಯೂ ಮುಗಿದು, ಡ್ರೈವರ್‌ಗಳು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಮಲಗುತ್ತಾರೆ. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಅನ್ನುವ ಡ್ರೈವರ್ ಸೌತ್ ಕ್ಯಾರೊಲಿನಾದ ಪಾಳುಬಿದ್ದ ಪೆಟ್ರೋಲ್ ಬಂಕ್ ಒಂದರಲ್ಲಿ ಹಾಗೆ ನಿಲ್ಲಿಸಿದ್ದಾಗ ಕೊಲೆಯಾದರು. ಲಾರಿ ಪಾರ್ಕಿಂಗ್ ಬಗ್ಗೆ 2012ರಲ್ಲಿ ಬಂದ ಕಾನೂನನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. 14 ಗಂಟೆ ಮುಗಿಯುವ ಒಂದೂವರೆ ಗಂಟೆ ಮುಂಚೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ರಿಮಾರ್ಕ್ಸ್: ಊರ ಹೆಸರಿಲ್ಲದ ಗೆರೆಗೆ ಬೆಲೆ ಇಲ್ಲ

ಗ್ರಿಡ್‌ನಲ್ಲಿ ಗೆರೆ ತಿರುಗಿದ ಪ್ರತಿ ಜಾಗಕ್ಕೂ ಕೆಳಗೆ ಊರು ಮತ್ತು ರಾಜ್ಯದ ಎರಡಕ್ಷರ ಬರೆಯಬೇಕು. ಬೇಕರ್ಸ್‌ಫೀಲ್ಡ್ ಸಿಎ, ಬಾರ್‌ಸ್ಟೋ ಸಿಎ, ಕಿಂಗ್‌ಮನ್ ಎಝೆಡ್, ಹೀಗೆ. ಊರಿಲ್ಲದ ಕಡೆ ನಿಂತರೆ ಹೆದ್ದಾರಿ ನಂಬರ್, ಮೈಲಿಗಲ್ಲಿನ ಸಂಖ್ಯೆ, ಹತ್ತಿರದ ಊರು. ಮೊಹಾವಿ ಮರುಭೂಮಿಯಲ್ಲಿ ಇದು ಜಾಸ್ತಿ ಬೇಕಾಗುತ್ತದೆ.

ಪಕ್ಕದಲ್ಲೇ ಕಾರಣ ಒಂದು ಮಾತಿನಲ್ಲಿ ಸೇರಿಸಿ: ತಪಾಸಣೆ, ಡೀಸೆಲ್, ಊಟ. ಕಾರಣ ಬರೆಯಲೇಬೇಕು ಅಂತಿಲ್ಲ. ಆದರೆ ಎರಡು ತಿಂಗಳ ಮೇಲೆ ಯಾರಾದರೂ ಕೇಳಿದರೆ ನಿಮಗೇ ನೆನಪಿರುವುದಿಲ್ಲ.

ಹಿಮ ಬಿದ್ದು ರಸ್ತೆ ಮುಚ್ಚಿತು ಅನ್ನಿ. ಹೊರಡುವಾಗ ಗೊತ್ತಿರದ, ಗೊತ್ತಾಗಲು ಸಾಧ್ಯವೂ ಇರದ ಅಡ್ಡಿ ಎದುರಾದರೆ 11ಕ್ಕೂ 14ಕ್ಕೂ ತಲಾ 2 ಗಂಟೆ ಸೇರಿಸಿಕೊಳ್ಳಬಹುದು. ಏನಾಯ್ತು, ಎಲ್ಲಿ ಅಂತ ರಿಮಾರ್ಕ್ಸ್‌ನಲ್ಲಿ ಬರೆಯಬೇಕು. ಲಾಸ್ ಏಂಜಲಿಸ್‌ನ ಸಂಜೆ ಟ್ರಾಫಿಕ್ಕನ್ನು ಈ ಖಾತೆಗೆ ಹಾಕುವವರಿದ್ದಾರೆ. ನಡೆಯಲ್ಲ. ಅದು ದಿನಾ ಇರುವುದೇ ತಾನೇ?

ಸರಕು ಇಳಿಸಿದ ಮೇಲೆ ಹತ್ತಿರದ ಸುರಕ್ಷಿತ ಜಾಗಕ್ಕೆ ಮಲಗಲು ಹೋಗುವುದನ್ನು, ಕಂಪನಿ ಒಪ್ಪಿದರೆ, ಸ್ವಂತದ ಓಡಾಟ ಅಂತ ಆಫ್ ಡ್ಯೂಟಿಯಲ್ಲೇ ತೋರಿಸಬಹುದು. ಆದರೆ ನಾಳೆಯ ಲೋಡ್ ಇರುವ ದಿಕ್ಕಿಗೆ ಇವತ್ತೇ ಐವತ್ತು ಮೈಲಿ ಓಡಿ ಅದನ್ನು ಸ್ವಂತದ್ದು ಅಂದರೆ ಯಾರೂ ನಂಬುವುದಿಲ್ಲ.

ಗಡಿಯಾರ ಯಾವ ಊರಿನದು?

ಲಾಗ್ ಬರೆಯುವುದು ನಿಮ್ಮ ಗಾಡಿಯ ಮೂಲ ಠಾಣೆಯ ಸಮಯದಲ್ಲಿ. ನೀವು ಎಲ್ಲಿಗೇ ಹೋಗಿ, ಬೇಕರ್ಸ್‌ಫೀಲ್ಡ್ ಗಾಡಿಗೆ ಬೇಕರ್ಸ್‌ಫೀಲ್ಡ್ ಸಮಯ. ಕೈಗಡಿಯಾರವನ್ನು ಅದಕ್ಕೇ ಇಟ್ಟುಕೊಳ್ಳಿ. ಫೋನ್ ಮಾತ್ರ ರಾಜ್ಯ ದಾಟಿದ ಕೂಡಲೇ ತಾನೇ ಬದಲಾಗುತ್ತದೆ, ಅದನ್ನು ನಂಬಬೇಡಿ.

ಅರಿಜೋನಾ ಇದರಲ್ಲಿ ಕಿತಾಪತಿ. ಅಲ್ಲಿ ಬಹುತೇಕ ಕಡೆ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ, ಅರಿಜೋನಾ ಎರಡರ ಹೊತ್ತೂ ಒಂದೇ. ಚಳಿಗಾಲದಲ್ಲಿ ಅರಿಜೋನಾ ಒಂದು ಗಂಟೆ ಮುಂದೆ. ಜನವರಿಯಲ್ಲಿ ಕಿಂಗ್‌ಮನ್‌ನ ಊಟದ ರಸೀದಿ 2:50 ಅಂದರೆ ಲಾಗ್‌ನಲ್ಲಿ 1:50 ಇರಬೇಕು, ಅದೇ ಸರಿ. ಪರಿಶೀಲನೆಗೆ ಹೊಸದಾಗಿ ಸೇರಿದವರು ಇದನ್ನೇ ತಪ್ಪು ಅಂತ ಕೆಂಪು ಗುರುತು ಹಾಕಿಬಿಡುತ್ತಾರೆ.

70 ಗಂಟೆಯ ಲೆಕ್ಕ

ದಿನಾ ರಾತ್ರಿ ಎರಡು ನಿಮಿಷದ ಕೆಲಸ. ಮೂರು ಮತ್ತು ನಾಲ್ಕನೇ ಸಾಲಿನ ಮೊತ್ತ ಕೂಡಿಸಿ. ನಮ್ಮ ಉದಾಹರಣೆಯಲ್ಲಿ 10.25ಕ್ಕೆ 2 ಸೇರಿ 12.25.

ಅದಕ್ಕೆ ಹಿಂದಿನ 7 ದಿನದ ಗಂಟೆಗಳು ಹಳೆಯದರಿಂದ ಹೊಸತಿಗೆ ಹೀಗಿವೆ ಅನ್ನಿ: 6.5, 10, 6.5, 3, 11, 10.25, 9. ಕೂಡಿದರೆ 56.25. ಇವತ್ತಿನದು ಸೇರಿ 68.5. 70 ದಾಟಿಲ್ಲ.

ನಾಳೆಗೆಷ್ಟು ಉಳಿಯಿತು? ಎಲ್ಲಕ್ಕಿಂತ ಹಳೆಯ ದಿನದ 6.5 ನಾಳೆ ಲೆಕ್ಕದಿಂದ ಹೊರಗೆ ಬೀಳುತ್ತದೆ. 68.5ರಲ್ಲಿ 6.5 ಕಳೆದರೆ 62. ಹಾಗಾಗಿ 70ಕ್ಕೆ 8 ಗಂಟೆ ಮಾತ್ರ ಬಾಕಿ. ಬೆಳಗ್ಗೆ 5ಕ್ಕೆ 10 ಗಂಟೆ ವಿಶ್ರಾಂತಿ ಮುಗಿದು 11 ಗಂಟೆ ಡ್ರೈವಿಂಗ್ ಸಿಕ್ಕಿತು ಅಂತ ಖುಷಿಪಡುವಂತಿಲ್ಲ. ನಾಳೆ ತಪಾಸಣೆ, ಡೀಸೆಲ್ ಎಲ್ಲ ಸೇರಿ 8 ಗಂಟೆ ಕೆಲಸವಾದ ಮೇಲೆ ಗಾಡಿ ಓಡಿಸುವ ಹಾಗಿಲ್ಲ. ಇದನ್ನು ಇವತ್ತು ರಾತ್ರಿಯೇ ಕಂಪನಿಯಲ್ಲಿ ಲೋಡ್ ಹಂಚುವ ಡಿಸ್ಪ್ಯಾಚರ್‌ಗೆ ಮೆಸೇಜ್ ಮಾಡಿ ಹೇಳಿಬಿಡಿ. ಬೆಳಗ್ಗೆ ಅವರು ದೂರದ ಲೋಡ್ ಹಿಡಿದು ಕೂತ ಮೇಲೆ ಹೇಳಿದರೆ ಜಗಳವೇ.

ವಿಶ್ರಾಂತಿಯನ್ನು ಒಡೆಯುವುದು

10 ಗಂಟೆ ಒಟ್ಟಿಗೇ ತೆಗೆದುಕೊಳ್ಳಬೇಕು ಅಂತಿಲ್ಲ. ಬರ್ತ್‌ನಲ್ಲಿ ಕನಿಷ್ಠ 7 ಗಂಟೆ ಒಂದು ಭಾಗ, ಕನಿಷ್ಠ 2 ಗಂಟೆ ಇನ್ನೊಂದು ಭಾಗ, ಎರಡೂ ಸೇರಿ 10 ಆಗಬೇಕು. ಎರಡನೆಯದು ಬರ್ತ್‌ನಲ್ಲೇ ಆಗಬೇಕಿಲ್ಲ, ಆಫ್ ಡ್ಯೂಟಿಯೂ ನಡೆಯುತ್ತದೆ. ಹೀಗೆ ಜೋಡಿಯಾದ ಎರಡೂ ಭಾಗ 14ರ ಲೆಕ್ಕದಿಂದ ಹೊರಗೆ.

ಬೆಳಗ್ಗೆ 6ಕ್ಕೆ ಶುರು, 11ರವರೆಗೆ ಕೆಲಸ, ಅದರಲ್ಲಿ ನಾಲ್ಕೂವರೆ ಗಂಟೆ ಡ್ರೈವಿಂಗ್. ಗೋದಾಮಿನವರು ಕಾಯಿಸಿದರು, 11ರಿಂದ 2 ಬರ್ತ್‌ನಲ್ಲಿ ಮಲಗಿದಿರಿ. 2ರಿಂದ ರಾತ್ರಿ 9ರವರೆಗೆ ಕೆಲಸ, ಅದರಲ್ಲಿ ಆರೂವರೆ ಗಂಟೆ ಡ್ರೈವಿಂಗ್. ಒಟ್ಟು 11 ಆಯ್ತು. 9ರಿಂದ ಬೆಳಗ್ಗೆ 4 ಬರ್ತ್. 3 ಮತ್ತು 7 ಸೇರಿ 10, ನಿಯಮ ಸರಿಹೋಯ್ತು.

4 ಗಂಟೆಗೆ ಎದ್ದಾಗ ಎಷ್ಟು ಸಿಕ್ಕಿತು? ಹೊಸ 11 ಸಿಕ್ಕಿತು ಅಂದುಕೊಂಡರೆ ಕೆಟ್ಟಿರಿ. ಲೆಕ್ಕ ಮತ್ತೆ ಶುರುವಾಗುವುದು ಮೊದಲ ಭಾಗ ಮುಗಿದ ಮಧ್ಯಾಹ್ನ 2ರಿಂದ. ಆಮೇಲೆ ಆರೂವರೆ ಗಂಟೆ ಓಡಿಸಿದ್ದೀರಿ, ಉಳಿದಿದ್ದು ನಾಲ್ಕೂವರೆ. 14ರಲ್ಲಿ 7 ಖರ್ಚಾಗಿದೆ, 7 ಉಳಿದಿದೆ. ಕಾಗದದ ಮೇಲೆ ಇದನ್ನು ತಪ್ಪಿಲ್ಲದೆ ಮಾಡುವವರು ಕಡಿಮೆ. ಪಕ್ಕಾ ಗೊತ್ತಿಲ್ಲದಿದ್ದರೆ ಸುಮ್ನೆ 10 ಗಂಟೆ ಒಟ್ಟಿಗೇ ಮಲಗಿ.

ರಸೀದಿ ಏನು ಹೇಳುತ್ತದೆ

ಹಳೇ ಡ್ರೈವರ್‌ಗಳು ಲಾಗ್ ಬುಕ್ಕನ್ನು ಕಾಮಿಕ್ ಬುಕ್ ಅಂತ ಗೇಲಿ ಮಾಡುತ್ತಿದ್ದರು. ಎರಡೆರಡು ಪುಸ್ತಕ ಇಟ್ಟುಕೊಂಡವರೂ ಇದ್ದರು. ಅವರನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಬಹಳ ಕಡೆ ಸಂಬಳ ಮೈಲಿ ಲೆಕ್ಕದಲ್ಲಿ ಬರುತ್ತದೆ. ಗೋದಾಮಿನ ಮುಂದೆ ಕಾದ ಹೊತ್ತಿಗೆ ಎಷ್ಟೋ ಸಲ ಬಿಡಿಗಾಸೂ ಇಲ್ಲ. ಆ ನಷ್ಟವನ್ನು ಗೆರೆ ತಿರುಚಿ ತುಂಬಿಕೊಳ್ಳಲು ನೋಡುತ್ತಾರೆ.

ಆದರೆ ಸುಳ್ಳು ಗೆರೆ ನಿಲ್ಲುವುದಿಲ್ಲ. ಡೀಸೆಲ್ ರಸೀದಿ, ಸರಕಿನ ಬಿಲ್, ಡಿಸ್ಪ್ಯಾಚ್ ಮೆಸೇಜ್, ಇವುಗಳನ್ನು ಕಂಪನಿಗೆ ಕೊಡಲೇಬೇಕು. ದಿನಕ್ಕೆ 8ರವರೆಗೆ ಇಂಥ ದಾಖಲೆಗಳನ್ನು ಕಂಪನಿ ಇಟ್ಟುಕೊಳ್ಳಬೇಕು. ಪರಿಶೀಲಿಸುವವರು ಮೊದಲು ನೋಡುವುದು ಡೀಸೆಲ್ ರಸೀದಿ. ಬಾರ್‌ಸ್ಟೋದ ರಸೀದಿ 9:38ಕ್ಕಿದೆ, ಲಾಗ್‌ನಲ್ಲಿ ಅದೇ ಹೊತ್ತಿಗೆ ಬರ್ತ್‌ನಲ್ಲಿ ಮಲಗಿದ್ದೀರಿ. ಇನ್ನೇನು ಹೇಳೋಣ?

ಆಮೇಲೆ ನೋಡುವುದು ಮೈಲಿ ಮತ್ತು ಹೊತ್ತು. ಟ್ರೇಲರ್ ಎಳೆಯುವ ಲಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿ ಮಿತಿ. ಬೇಕರ್ಸ್‌ಫೀಲ್ಡ್‌ನಿಂದ ಬಾರ್‌ಸ್ಟೋಗೆ 130 ಮೈಲಿ. ಎಲ್ಲೂ ನಿಧಾನಿಸದೆ ಹೋದರೂ 2 ಗಂಟೆ 20 ನಿಮಿಷ ಬೇಕು, ಮಧ್ಯೆ ಘಾಟಿ ಬೇರೆ. ಲಾಗ್‌ನಲ್ಲಿ 2 ಗಂಟೆ ಇದ್ದರೆ ಸ್ಪೀಡ್ ಮಿತಿ ಮುರಿದಿದ್ದೀರಿ, ಇಲ್ಲವೇ ಸುಳ್ಳು ಬರೆದಿದ್ದೀರಿ.

ಇದಕ್ಕೆಲ್ಲ ಮದ್ದು ಒಂದೇ. ಗಾಡಿ ನಿಂತ ಕೂಡಲೇ, ಬಾಗಿಲು ತೆಗೆಯುವ ಮುಂಚೆ, ಗೆರೆ ಎಳೆಯಿರಿ. ಕಾಫಿ ಆಮೇಲೆ. ಓಡಿಸುತ್ತಾ ಬರೆಯುವುದಂತೂ ಬೇಡವೇ ಬೇಡ.

ಗಂಟೆ ಮುಗಿದಿದೆ ಅಂದರೂ ಓಡಿಸು ಅಂತ ಕಂಪನಿಯವರೋ ಸರಕಿನವರೋ ಒತ್ತಾಯ ಮಾಡಿದರೆ ಅದು ಅಪರಾಧ. 2016ರಿಂದ ಅದಕ್ಕೆ ಪ್ರತ್ಯೇಕ ನಿಯಮ ಇದೆ. 90 ದಿನದೊಳಗೆ ಅಮೆರಿಕದ ಕೇಂದ್ರ ಸಾರಿಗೆ ಸುರಕ್ಷತಾ ಇಲಾಖೆಗೆ ದೂರು ಕೊಡಬಹುದು. ನಿಯಮ ಮೀರುತ್ತದೆ, ಆಗಲ್ಲ ಅಂತ ನೀವು ಮೊದಲೇ ತಿಳಿಸಿರಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ, ಮೆಸೇಜ್‌ನಲ್ಲೇ ಹೇಳಿ.

ಇಎಲ್‌ಡಿ ಕೆಟ್ಟ ದಿನ

ಪರದೆ ಆರಿದ ಹೊತ್ತು ಬರೆದುಕೊಳ್ಳಿ. 24 ಗಂಟೆಯೊಳಗೆ ಕಂಪನಿಗೆ ಬರಹದಲ್ಲಿ ತಿಳಿಸಿ. ಖಾಲಿ ಹಾಳೆ ತೆಗೆದು ಇವತ್ತಿನ ಲಾಗ್ ಶುರುವಿನಿಂದ ಬರೆಯಿರಿ. ಹಿಂದಿನ 7 ದಿನದ ದಾಖಲೆ ಯಂತ್ರದಿಂದ ತೆಗೆಯಲು ಬಂದರೆ ಸರಿ, ನಿಮ್ಮ ಹತ್ತಿರ ಪ್ರತಿ ಇದ್ದರೂ ಸರಿ. ಇಲ್ಲದಿದ್ದರೆ ಅವನ್ನೂ ಕೈಯಲ್ಲಿ ಬರೆಯಬೇಕು. ಆಗ ಗೆಳೆಯರಾಗಿ ಬರುವುದು ಅದೇ ಡೀಸೆಲ್ ರಸೀದಿಗಳು. ಯಂತ್ರ ಸರಿಯಾಗುವವರೆಗೆ ಕಾಗದವೇ ಗತಿ. ಕಂಪನಿಗೆ ರಿಪೇರಿ ಮಾಡಿಸಲು 8 ದಿನ ಟೈಮಿದೆ.

ರಸ್ತೆಯಲ್ಲಿ ತಡೆದರೆ

ಇವತ್ತಿನದು ಮತ್ತು ಹಿಂದಿನ 7 ದಿನದ್ದು ಕೈಗೆ ಸಿಗುವಂತಿರಲಿ. ಇವತ್ತಿನ ಗೆರೆ ಕೊನೆಯ ಬದಲಾವಣೆವರೆಗೆ ಬಂದಿದ್ದರೆ ಸಾಕು. ಕಿಂಗ್‌ಮನ್ ಬಿಟ್ಟು ಓಡುತ್ತಿರುವಾಗ ಸಂಜೆ 4ಕ್ಕೆ ತಡೆದರು, ನಿಮ್ಮ ಗೆರೆ 2:30ಕ್ಕೆ ಡ್ರೈವಿಂಗ್ ಸಾಲಿಗೆ ಇಳಿದು ನಿಂತಿದೆ. ತಪ್ಪೇನಿಲ್ಲ. ಬೆಳಗ್ಗೆ 6ರಲ್ಲೇ ನಿಂತಿದ್ದರೆ ಮಾತ್ರ ತೊಂದರೆ. ಲಾಗ್ ಇಲ್ಲವೇ ಇಲ್ಲ ಅಂದರೆ 10 ಗಂಟೆ ಗಾಡಿ ಅಲ್ಲೇ.

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಅವರೆದುರು ಪೆನ್ನು ತೆಗೆದು ತಿದ್ದಲು ಹೋಗಬೇಡಿ. ರಜೆಯಲ್ಲಿದ್ದ ದಿನಗಳಿಗೂ ಹಾಳೆ ಬೇಕು. ಸತತ ರಜೆಯಾದರೆ ಎಲ್ಲ ದಿನಕ್ಕೂ ಸೇರಿಸಿ ಒಂದೇ ಹಾಳೆ, ಈ ತಾರೀಖಿನಿಂದ ಈ ತಾರೀಖಿನವರೆಗೆ ಅಂತ ಬರೆದರೆ ಆಗುತ್ತದೆ.

ಲಾಗ್ ಯಾವಾಗಲೂ ಎರಡು ಪ್ರತಿ. ಮೂಲ ಪ್ರತಿ 13 ದಿನದೊಳಗೆ ಕಂಪನಿಗೆ ಹೋಗಬೇಕು, ನಕಲು ನಿಮ್ಮ ಹತ್ತಿರ 7 ದಿನ. ಕಂಪನಿ 6 ತಿಂಗಳು ಇಟ್ಟುಕೊಳ್ಳುತ್ತದೆ. ನಕಲನ್ನು ನೀವೂ 6 ತಿಂಗಳು ಎಸೆಯಬೇಡಿ, ಸಂಬಳದ ತಕರಾರು ಬಂದಾಗ ಕೆಲಸಕ್ಕೆ ಬರುತ್ತದೆ. ಶಾಖಕ್ಕೆ ಅಚ್ಚಾಗುವ ಡೀಸೆಲ್ ರಸೀದಿಗಳು ಡ್ಯಾಶ್‌ಬೋರ್ಡ್ ಬಿಸಿಲಿಗೆ ಬೇಗ ಮಾಸಿಹೋಗುತ್ತವೆ. ಅವತ್ತೇ ಫೋಟೊ ತೆಗೆದಿಟ್ಟುಕೊಳ್ಳಿ.